1968ರ ಮನೆಯ ಅಲ್ಯೂಮಿನಿಯಂ ವೈರಿಂಗ್: ಜಾಯಿಂಟ್ ಜಾಯಿಂಟ್ ಬಿಚ್ಚಿ ಸರಿಮಾಡಿದ ಕೆಲಸದ ದಾಖಲೆ

ನ್ಯೂ ಜೆರ್ಸಿಯಲ್ಲಿ ನಾವು ಕೊಂಡ ಮನೆ 1968ರಲ್ಲಿ ಕಟ್ಟಿದ್ದು. ಕೊಳ್ಳುವ ಮೊದಲು ಮಾಡಿಸಿದ ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ ಛಾವಣಿಗೆ ಒಂದು ಪುಟ, ಮನೆ ಬಿಸಿಮಾಡುವ ಫರ್ನೇಸಿಗೆ ಒಂದು ಪುಟ ಇತ್ತು. ವೈರಿಂಗ್ ಬಗ್ಗೆ ಇದ್ದದ್ದು ಒಂದೇ ಸಾಲು: ಬ್ರಾಂಚ್ ಸರ್ಕ್ಯೂಟ್‌ಗಳಲ್ಲಿ (ಕೋಣೆಗಳ ಔಟ್‌ಲೆಟ್, ದೀಪಗಳಿಗೆ ಹೋಗುವ ಲೈನ್‌ಗಳಲ್ಲಿ) ಅಲ್ಯೂಮಿನಿಯಂ ವೈರ್ ಇದೆ, ಎಲೆಕ್ಟ್ರಿಷಿಯನ್ ಕೈಯಲ್ಲಿ ತೋರಿಸಿ. ಮನೆಯ ಅತಿ ದೊಡ್ಡ ಕೆಲಸ ಆ ಒಂದು ಸಾಲಿನಲ್ಲೇ ಇತ್ತು. ಈಗ ಗ್ಯಾರೇಜಿನ ಒಂದು ಲೈನ್ ಬಿಟ್ಟು ಉಳಿದದ್ದೆಲ್ಲ ಮುಗಿದಿದೆ. ಇಂಥದೇ ರಿಪೋರ್ಟ್ ಕೈಯಲ್ಲಿ ಹಿಡಿದು ಕೂತವರಿಗೆ ಉಪಯೋಗವಾಗಲಿ ಅಂತ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೋಡೆಯೊಳಗೆ ಉದ್ದಕ್ಕೆ ಓಡುವ ವೈರ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಅದರ ತುದಿಗಳು. ಔಟ್‌ಲೆಟ್ (ಪ್ಲಗ್ ಸಿಕ್ಕಿಸುವ ಸಾಕೆಟ್), ಸ್ವಿಚ್, ದೀಪ, ಬ್ರೇಕರ್‌ಗಳಿರುವ ಪ್ಯಾನೆಲ್, ಅಂದರೆ ಎಲ್ಲೆಲ್ಲಿ ಆ ವೈರ್ ಇನ್ನೊಂದು ಲೋಹವನ್ನು ಮುಟ್ಟುತ್ತದೋ ಅಲ್ಲಿ. ಹಾಗಾಗಿ ಎಷ್ಟು ಜಾಯಿಂಟ್ ಸರಿಮಾಡಿದಿರಿ ಅನ್ನುವುದಕ್ಕಿಂತ ಎಷ್ಟು ಬಿಟ್ಟಿರಿ ಅನ್ನುವುದೇ ಮುಖ್ಯ.

ಹಂತ 1: ನಿಜಕ್ಕೂ ಅಲ್ಯೂಮಿನಿಯಮ್ಮಾ ಅಂತ ನೋಡಿದ್ದು

ವೈರ್ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಇನ್ನೂ ಹಳೇ ಮನೆಗಳಲ್ಲಿ ತವರ ಹಚ್ಚಿದ ತಾಮ್ರದ ವೈರ್ ಇರುತ್ತದೆ. ಅದೂ ಬೆಳ್ಳಗೇ ಕಾಣುತ್ತದೆ, ಆದರೆ ಕತ್ತರಿಸಿದ ತುದಿಯಲ್ಲಿ ತಾಮ್ರದ ಬಣ್ಣ ಕಾಣುತ್ತದೆ. ಇದಕ್ಕೆ ಉಲ್ಟಾ ಇನ್ನೊಂದು ಜಾತಿ ಇದೆ. ಮೇಲೆ ತಾಮ್ರದ ತೆಳು ಪದರ, ಒಳಗೆ ಅಲ್ಯೂಮಿನಿಯಂ. ಅದು ಪಕ್ಕದಿಂದ ನೋಡಿದರೆ ತಾಮ್ರ, ತುದಿಯಲ್ಲಿ ನೋಡಿದರೆ ಬಿಳಿ. ಎರಡೂ ಸಂದರ್ಭದಲ್ಲಿ ನಿಜ ಹೇಳುವುದು ಕತ್ತರಿಸಿದ ತುದಿಯೇ.

ನಮ್ಮ ಬೇಸ್‌ಮೆಂಟಿನಲ್ಲಿ ಜೋಯಿಸ್ಟ್‌ಗಳ (ಮೇಲಿನ ನೆಲ ಹೊರುವ ಮರದ ತೊಲೆಗಳ) ನಡುವೆ ಕೇಬಲ್ ಹೊರಗೇ ಕಾಣುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದಾಗ ಹೊದಿಕೆಯ ಮೇಲೆ ಒತ್ತಿದ ‘ಅಲ್ಯೂಮಿನಿಯಂ’ ಅನ್ನುವ ಅಚ್ಚು ಓದಲು ಬಂತು. ನೇರವಾಗಿ ಬೆಳಕು ಬಿಟ್ಟರೆ ಅದು ಕಾಣುವುದೇ ಇಲ್ಲ.

ಅಲ್ಲಿಂದ ಹೊರಟು ಒಂದೊಂದು ಕೇಬಲ್ಲೂ ಯಾವ ಗೇಜ್ ಅಂತ, ಅಂದರೆ ವೈರ್ ಎಷ್ಟು ದಪ್ಪ ಅಂತ, ಬರೆದುಕೊಂಡೆ. ಗೇಜ್ ನಂಬರ್ ಚಿಕ್ಕದಾದಷ್ಟೂ ವೈರ್ ದಪ್ಪ. ಇದನ್ನು ಯಾರೂ ತಪ್ಪಿಸಬಾರದು. 15 ಆಂಪ್‌ಗೆ ತಾಮ್ರದಲ್ಲಿ 14 ಗೇಜ್ ಸಾಕು, ಅಲ್ಯೂಮಿನಿಯಂನಲ್ಲಿ 12 ಗೇಜ್ ಬೇಕು. 20 ಆಂಪ್‌ಗೆ ತಾಮ್ರ 12, ಅಲ್ಯೂಮಿನಿಯಂ 10. ಅಚ್ಚು ಅಳಿಸಿಹೋಗಿದ್ದ ಕಡೆ ಬ್ರೇಕರ್ ಆರಿಸಿ, ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬರಿ ವೈರನ್ನು ವರ್ನಿಯರ್‌ನಲ್ಲಿ ಅಳೆದೆ. 2.05 ಮಿ.ಮೀ. ಬಂದರೆ 12 ಗೇಜ್, 2.59 ಬಂದರೆ 10 ಗೇಜ್. ಹೀಗೆ ನೋಡುವಾಗ ಊಟದ ಕೋಣೆಯ ಸರ್ಕ್ಯೂಟಿನಲ್ಲಿ 12 ಗೇಜ್ ಅಲ್ಯೂಮಿನಿಯಂಗೆ 20 ಆಂಪ್ ಬ್ರೇಕರ್ ಹಾಕಿರುವುದು ಸಿಕ್ಕಿತು. ಬಹುಶಃ ಯಾರೋ ಅದನ್ನು ತಾಮ್ರದ 12 ಗೇಜ್ ಅಂದುಕೊಂಡು ಹಾಕಿದ್ದಾರೆ. ಅದನ್ನು ಅವತ್ತೇ ಆರಿಸಿ ಟೇಪ್ ಅಂಟಿಸಿಟ್ಟೆ.

ಒಲೆಗೆ, ಡ್ರೈಯರ್‌ಗೆ, ಬೀದಿಯಿಂದ ಪ್ಯಾನೆಲ್ಲಿಗೆ ಬರುವ ದಪ್ಪನೆಯ ಎಳೆಎಳೆ ಅಲ್ಯೂಮಿನಿಯಂ ಕೇಬಲ್ ನೋಡಿ ಗಾಬರಿ ಬೀಳಬೇಡಿ. ಅದನ್ನು ಇವತ್ತಿಗೂ ಹಾಕುತ್ತಾರೆ. ಸಮಸ್ಯೆ ಇರುವುದು 1965ರಿಂದ 1973ರವರೆಗೆ, ತಾಮ್ರದ ಬೆಲೆ ಏರಿದ್ದ ಕಾಲದಲ್ಲಿ, ಔಟ್‌ಲೆಟ್ ದೀಪಗಳಿಗೆ ಹಾಕಿದ ಒಂಟಿ ಎಳೆಯ ಸಣ್ಣ ವೈರ್‌ಗಳಲ್ಲಿ.

ಹಂತ 2: ದಾರಿಗಳು, ಕೊಟೇಶನ್‌ಗಳು

ಈ ವಿಷಯದಲ್ಲಿ ನಾನು ಆಧಾರವಾಗಿ ಇಟ್ಟುಕೊಂಡದ್ದು ಅಮೆರಿಕದ ಕನ್ಸ್ಯೂಮರ್ ಪ್ರಾಡಕ್ಟ್ ಸೇಫ್ಟಿ ಕಮಿಷನ್ ಹೊರತಂದ ಪುಸ್ತಿಕೆ, ನಂಬರ್ 516. ಅದರಲ್ಲಿ 1974ರ ಏಪ್ರಿಲ್ 28ರಂದು ನ್ಯೂಯಾರ್ಕ್‌ನ ಹ್ಯಾಂಪ್ಟನ್ ಬೇಸ್‌ನಲ್ಲಿ ಇಬ್ಬರು ಸತ್ತ ಬೆಂಕಿಯ ಪ್ರಸ್ತಾಪ ಇದೆ. ಒಂದು ಔಟ್‌ಲೆಟ್‌ನ ಅಲ್ಯೂಮಿನಿಯಂ ಜಾಯಿಂಟೇ ಕಾರಣ. 1972ಕ್ಕೆ ಮೊದಲು ತಯಾರಾದ ಅಲ್ಯೂಮಿನಿಯಂ ವೈರ್ ಇರುವ ಮನೆಗಳಲ್ಲಿ ಔಟ್‌ಲೆಟ್‌ನ ಒಂದಾದರೂ ಜಾಯಿಂಟ್ ಬೆಂಕಿ ಹೊತ್ತಿಸುವ ಸ್ಥಿತಿಗೆ ಬರುವ ಸಾಧ್ಯತೆ ತಾಮ್ರದ ಮನೆಗಿಂತ 55 ಪಟ್ಟು ಜಾಸ್ತಿ ಅಂತಲೂ ಅದರಲ್ಲಿದೆ. ಆ ಸಂಖ್ಯೆ ಓದಿದ ಮೇಲೆ ‘ಐವತ್ತು ವರ್ಷ ಏನೂ ಆಗಿಲ್ಲ, ಇನ್ನೇನಾಗುತ್ತೆ’ ಅನ್ನುವ ಮಾತಿಗೆ ನಾನು ಕಿವಿಗೊಡಲಿಲ್ಲ.

ಕಮಿಷನ್ ಒಪ್ಪುವುದು ಮೂರೇ ದಾರಿ. ಒಂದು, ಪೂರ್ತಿ ತಾಮ್ರಕ್ಕೆ ಬದಲಾಯಿಸುವುದು. ಎರಡು, ಕೋಪಲಮ್ ಅನ್ನುವ ಕ್ರಿಂಪ್. ವಿಶೇಷ ಯಂತ್ರದಿಂದ ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಒಂದೇ ತೋಳಿನೊಳಗೆ ಅದುಮಿ ಬೆಸೆಯುತ್ತಾರೆ. ತರಬೇತಿ ಪಡೆದ ಎಲೆಕ್ಟ್ರಿಷಿಯನ್‌ಗಳು ಮಾತ್ರ ಮಾಡಬಹುದು. ಮೂರು, ಅಲ್ಯೂಮಿಕಾನ್ ಅನ್ನುವ ಸ್ಕ್ರೂ ಕನೆಕ್ಟರ್. ಅದರಲ್ಲಿ ಪ್ರತಿ ವೈರ್‌ಗೂ ಬೇರೆ ತೂತು, ಬೇರೆ ಸ್ಕ್ರೂ. ಎರಡು ಲೋಹ ಒಂದನ್ನೊಂದು ಮುಟ್ಟುವುದೇ ಇಲ್ಲ.

ಪೂರ್ತಿ ಬದಲಾಯಿಸಲು ಬಂದ ಕೊಟೇಶನ್ 19,000 ಡಾಲರ್. ಗೋಡೆ ಒಡೆದದ್ದನ್ನು ಮುಚ್ಚುವ ಖರ್ಚು ಬೇರೆ. ಕೋಪಲಮ್ ಮಾಡುವವರು ನಮ್ಮ ಸುತ್ತಮುತ್ತ ಯಾರೂ ಸಿಗಲಿಲ್ಲ. ಒಬ್ಬ ಎಲೆಕ್ಟ್ರಿಷಿಯನ್ 1,500 ಡಾಲರ್‌ಗೆ ನೇರಳೆ ಬಣ್ಣದ ವೈರ್ ನಟ್ (ಸೇರಿಸಿದ ವೈರ್ ತುದಿಗಳ ಮೇಲೆ ತಿರುಗಿಸಿ ಕೂರಿಸುವ ಟೊಪ್ಪಿಗೆ) ಹಾಕಿಕೊಡುತ್ತೇನೆ ಅಂದರು. ಅದು ಅಂಗಡಿಯಲ್ಲಿ ಸಿಗುವ, ಅಲ್ಯೂಮಿನಿಯಂಗೆ ಅಂತಲೇ ಮಾರುವ ವಸ್ತು. ಆದರೆ ಕಮಿಷನ್ ಅದನ್ನು ಶಾಶ್ವತ ರಿಪೇರಿ ಅಂತ ಒಪ್ಪುವುದಿಲ್ಲ. ಬೇಡ ಅಂದೆ.

ಉಳಿದದ್ದು ಅಲ್ಯೂಮಿಕಾನ್. ನ್ಯೂ ಜೆರ್ಸಿಯಲ್ಲಿ ತಾವೇ ವಾಸವಿರುವ, ಒಂದೇ ಕುಟುಂಬದ ಮನೆಯ ಎಲೆಕ್ಟ್ರಿಕಲ್ ಕೆಲಸವನ್ನು ಮಾಲೀಕರು ಪರ್ಮಿಟ್ ತೆಗೆಸಿ ತಾವೇ ಮಾಡಬಹುದು. ಟೌನ್‌ಶಿಪ್ ಆಫೀಸಿಗೆ ಹೋಗಿ ಅರ್ಜಿ ತುಂಬಿದೆ. ಪ್ಯಾನೆಲ್ ಒಳಗಿನ ಕೆಲಸ ಮಾತ್ರ ಲೈಸೆನ್ಸ್ ಇರುವವರಿಗೇ ಬಿಟ್ಟೆ. ಮೇನ್ ಬ್ರೇಕರ್ ಆರಿಸಿದರೂ ಅದರ ಮೇಲಿನ ಲಗ್‌ಗಳಲ್ಲಿ (ಬೀದಿಯ ವೈರ್ ಕಟ್ಟುವ ದಪ್ಪ ಹಿಡಿಕೆಗಳಲ್ಲಿ) ಕರೆಂಟ್ ಇದ್ದೇ ಇರುತ್ತದೆ. ಅಲ್ಲಿ ಕೈ ಹಾಕುವುದು ನನ್ನ ಕೆಲಸವಲ್ಲ.

ಹಂತ 3: ಪಟ್ಟಿ

ಬಿಚ್ಚುವ ಮೊದಲು ಎಣಿಕೆ. ಔಟ್‌ಲೆಟ್ 41, ಸ್ವಿಚ್ ಬಾಕ್ಸ್ 18, ದೀಪ 16. ಇಷ್ಟನ್ನು ಯಾರಾದರೂ ಎಣಿಸುತ್ತಾರೆ. ಮರೆತುಹೋಗುವ ಜಾಗಗಳು ಬೇರೆಯೇ ಇರುತ್ತವೆ: ಡೋರ್‌ಬೆಲ್ ಟ್ರಾನ್ಸ್‌ಫಾರ್ಮರ್, ಬಾತ್‌ರೂಮ್ ಫ್ಯಾನ್, ಫರ್ನೇಸ್ ಪಕ್ಕದ ಸ್ವಿಚ್, ಡಿಶ್‌ವಾಷರ್ ಕೆಳಗಿನ ಬಾಕ್ಸ್, ಸಿಂಕ್ ಕೆಳಗೆ ಅಡುಗೆ ಕಸ ಅರೆಯುವ ಡಿಸ್ಪೋಸರ್, ಅಟ್ಟದ ಫ್ಯಾನ್, ಸ್ಮೋಕ್ ಅಲಾರಂ. ನಮ್ಮಲ್ಲಿ ಇಂಥವು 9 ಸಿಕ್ಕವು. ಒಟ್ಟು 84 ಬಾಕ್ಸ್.

ನನ್ನ ಹೆಂಡತಿ ಒಂದು ಸ್ಪ್ರೆಡ್‌ಶೀಟ್ ಮಾಡಿದಳು. ಕೋಣೆ, ಬ್ರೇಕರ್ ನಂಬರ್, ಒಳಗೆ ಬರುವ ಕೇಬಲ್ ಎಷ್ಟು, ಗೇಜ್, ಬಾಕ್ಸಿನ ಅಳತೆ, ಟಾರ್ಕ್ ಆಯಿತೇ (ಸ್ಕ್ರೂವನ್ನು ನಿಗದಿಯಾದ ಬಲಕ್ಕೆ ಬಿಗಿ ಮಾಡಿದ್ದಾಯಿತೇ), ಫೋಟೋ ಆಯಿತೇ. ಒಬ್ಬರು ಬ್ರೇಕರ್ ಆರಿಸುವುದು, ಇನ್ನೊಬ್ಬರು ಕೋಣೆಯಲ್ಲಿ ದೀಪ ಹಚ್ಚಿಟ್ಟು ಕೂಗುವುದು. ಪ್ಯಾನೆಲ್ ಬಾಗಿಲಿನ ಮೇಲೆ ಮೊದಲೇ ಬರೆದಿದ್ದ ಹೆಸರುಗಳಲ್ಲಿ ಹಲವು ತಪ್ಪಿದ್ದವು.

ಈ ಸುತ್ತಿನಲ್ಲೇ ಮೂಲೆಯ ಬೆಡ್‌ರೂಮಿನಲ್ಲಿ ಹೀಟರ್ ಓಡುತ್ತಿದ್ದಾಗ ಅವಳು ಕರೆದಳು. “ರೀ, ಇಲ್ಲಿ ಪ್ಲೇಟ್ ಮುಟ್ಟಿ ನೋಡಿ, ಬೆಚ್ಚಗಿದೆ.” ಹೀಟರ್ ಪ್ಲಗ್ ಇದ್ದದ್ದು ಎದುರು ಗೋಡೆಯಲ್ಲಿ. ಬೆಚ್ಚಗಾಗಿದ್ದು ಏನನ್ನೂ ಸಿಕ್ಕಿಸದ ಔಟ್‌ಲೆಟ್. ಹೀಟರಿಗೆ ಹೋಗುವ ಕರೆಂಟ್ ಈ ಔಟ್‌ಲೆಟ್ ಮೂಲಕವೇ ದಾಟಿಹೋಗುತ್ತಿತ್ತು. ಖಾಲಿ ಇರುವ ಔಟ್‌ಲೆಟ್ ಅಂದರೆ ಕೆಲಸವಿಲ್ಲದ ಔಟ್‌ಲೆಟ್ ಅಲ್ಲ.

ಬ್ರೇಕರ್ ಆರಿಸಿ ಅದನ್ನು ಹೊರಗೆಳೆದೆ. ಕೆನೆ ಬಣ್ಣದ ಪ್ಲಾಸ್ಟಿಕ್ ನ್ಯೂಟ್ರಲ್ ಸ್ಕ್ರೂ (ಕರೆಂಟ್ ವಾಪಸ್ ಹೋಗುವ ಬಿಳಿ ವೈರ್ ಕಟ್ಟುವ ಸ್ಕ್ರೂ) ಸುತ್ತ ಕಂದಾಗಿತ್ತು. ಬಿಳಿ ವೈರಿನ ಹೊದಿಕೆ ಸ್ಕ್ರೂನಿಂದ ಎರಡು ಸೆಂಟಿಮೀಟರ್‌ವರೆಗೆ ಗಟ್ಟಿಯಾಗಿ, ಬೆರಳಿಂದ ಒತ್ತಿದರೆ ಚೂರುಚೂರಾಗಿ ಉದುರಿತು. ಸ್ಕ್ರೂ ಅರ್ಧ ಸುತ್ತು ಸಡಿಲ. ಅದರ ಕೆಳಗೆ ವೈರ್ ಚಪ್ಪಟೆಯಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವುದು ಸ್ಕ್ರೂನ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಪ್ರತಿ ಸಲ ಹಿಗ್ಗಿ ಕುಗ್ಗಿ ಹಿಡಿತ ಬಿಡುತ್ತಾ ಹೋಗುತ್ತದೆ. ಬಿಟ್ಟ ಸಂದಿಯಲ್ಲಿ ಕರೆಂಟ್ ಹರಿಯದ ಆಕ್ಸೈಡ್ ಪದರ ಕೂರುತ್ತದೆ. ಅಲ್ಲಿ ಇನ್ನಷ್ಟು ಬಿಸಿ. ಇಷ್ಟೆಲ್ಲ ಆಗುವಾಗ ಬ್ರೇಕರ್‌ಗೆ ಏನೂ ಗೊತ್ತಾಗುವುದಿಲ್ಲ. ಕರೆಂಟ್ ಮಿತಿ ದಾಟಿಯೇ ಇಲ್ಲ ಅಲ್ವಾ?

ಹಂತ 4: ಉಪಕರಣ

ಟಾರ್ಕ್ ಸ್ಕ್ರೂಡ್ರೈವರ್, ಇಂಚು-ಪೌಂಡ್ ಅಳತೆಯದು, 85 ಡಾಲರ್. ಇದನ್ನು ಬಿಟ್ಟು ಈ ಕೆಲಸಕ್ಕೆ ಇಳಿಯಬೇಡಿ. ಕನೆಕ್ಟರ್‌ನಲ್ಲಿ 12 ಗೇಜ್ ಅಲ್ಯೂಮಿನಿಯಂಗೆ 10 ಇಂಚು-ಪೌಂಡ್, 10 ಗೇಜ್‌ಗೆ 15. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ. ಒಂದು ತುಂಡು ವೈರ್ ಮೇಲೆ ಮೊದಲು ಸುಮ್ನೆ ಕೈಯಲ್ಲಿ ‘ಗಟ್ಟಿಯಾಯಿತು’ ಅನ್ನುವವರೆಗೆ ತಿರುಗಿಸಿ, ಆಮೇಲೆ ಟಾರ್ಕ್ ಡ್ರೈವರ್ ಹಾಕಿ ನೋಡಿದೆ. ಕ್ಲಿಕ್ ಬರುವ ಮೊದಲು ಸ್ಕ್ರೂ ಇನ್ನೂ ಗಣನೀಯವಾಗಿ ತಿರುಗಿತು. ನನ್ನ ಕೈಗೆ ಗಟ್ಟಿ ಅನ್ನಿಸಿದ್ದು ಸಾಕಾಗುತ್ತಿರಲಿಲ್ಲ. ಜೋರಾಗಿ ತಿರುಗಿಸಿದರೂ ಅಪಾಯ, ಮೆತ್ತನೆಯ ಲೋಹ ಸ್ಕ್ರೂ ಕೆಳಗೆ ಕತ್ತರಿಸಿಹೋಗುತ್ತದೆ.

ಮಿಕ್ಕಿದ್ದು: ಮಲ್ಟಿಮೀಟರ್, ಮುಟ್ಟದೆ ಕರೆಂಟ್ ತೋರಿಸುವ ಪೆನ್ ಟೆಸ್ಟರ್, ಒಳ್ಳೇ ವೈರ್ ಸ್ಟ್ರಿಪ್ಪರ್, ಚೂಪು ಮೂತಿಯ ಇಕ್ಕಳ, ತಲೆಗೆ ಕಟ್ಟುವ ದೀಪ, ಲೋಹ ಕತ್ತರಿಸುವ ಬ್ಲೇಡಿನ ಮಲ್ಟಿಟೂಲ್. ಪೆನ್ ಟೆಸ್ಟರ್ ಒಂದನ್ನೇ ನಂಬಬಾರದು. ಕಪ್ಪು ಅಂದರೆ ಕರೆಂಟ್ ಬರುವ ವೈರ್, ಬಿಳಿ ನ್ಯೂಟ್ರಲ್, ಗ್ರೌಂಡ್ ಅಂದರೆ ಅರ್ಥಿಂಗ್ ವೈರ್. ಪ್ರತಿ ಬಾಕ್ಸಿನಲ್ಲೂ ಮೀಟರ್ ಹಿಡಿದು ಕಪ್ಪು-ಬಿಳಿ, ಕಪ್ಪು-ಗ್ರೌಂಡ್, ಬಿಳಿ-ಗ್ರೌಂಡ್ ಮೂರನ್ನೂ ನೋಡಿದೆ. ಅದಕ್ಕೂ ಮೊದಲು, ಆಮೇಲೂ ಕರೆಂಟ್ ಇದೆ ಅಂತ ಗೊತ್ತಿರುವ ಒಂದು ಔಟ್‌ಲೆಟ್‌ನಲ್ಲಿ ಮೀಟರ್ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷೆ.

ಹಂತ 5: ಮೊದಲ ಕೋಣೆ, ಕೂರದ ಬಾಕ್ಸ್

ಶುರು ಮಾಡಿದ್ದು ಆ ಸುಟ್ಟ ಔಟ್‌ಲೆಟ್‌ನ ಕೋಣೆಯಿಂದಲೇ. ಮೊದಲು ಸಿಓ/ಎಎಲ್‌ಆರ್ ಗುರುತಿನ ಔಟ್‌ಲೆಟ್‌ಗಳನ್ನು ತಂದಿದ್ದೆ. ಅಲ್ಯೂಮಿನಿಯಂ ವೈರನ್ನು ನೇರವಾಗಿ ಸ್ಕ್ರೂಗೆ ಕಟ್ಟಲು ಒಪ್ಪಿಗೆ ಇರುವುದು ಇವಕ್ಕೆ ಮಾತ್ರ. ಬಳಸದೆ ಹಿಂದಿರುಗಿಸಿದೆ. ಕಾರಣ ಸರಳ. ಅಡುಗೆಮನೆ, ಬಾತ್‌ರೂಮಿಗೆ ಬೇಕಾದ ಜಿಎಫ್‌ಸಿಐ ಔಟ್‌ಲೆಟ್‌ಗಳು (ಕರೆಂಟ್ ಸೋರಿದರೆ ತಾವೇ ಆರುವಂಥವು) ಈ ಗುರುತಿನಲ್ಲಿ ಸಿಗುವುದಿಲ್ಲ. ದೀಪಗಳ ಜಾಯಿಂಟ್‌ಗಳಿಗೂ ಇವು ಉತ್ತರವಲ್ಲ. ಕಮಿಷನ್ ಕೂಡ ಇದನ್ನು ಅರೆ ರಿಪೇರಿ ಅಂತಲೇ ಪರಿಗಣಿಸುತ್ತದೆ. ಮನೆಯಲ್ಲಿ ಎರಡು ಪದ್ಧತಿ ಇದ್ದರೆ ಮುಂದೆ ರಿಪೇರಿಗೆ ಬರುವವರಿಗೆ ಗೊಂದಲ.

ನಂತರ ಅಲ್ಯೂಮಿಕಾನ್ ಹಿಡಿದು ಕೂತೆ. ಮಧ್ಯದ ಒಂದು ಔಟ್‌ಲೆಟ್ ಅಂದರೆ ಒಳಬರುವ ಕೇಬಲ್ ಒಂದು, ಮುಂದಕ್ಕೆ ಹೋಗುವ ಕೇಬಲ್ ಒಂದು. ಕಪ್ಪು ಎರಡು, ಬಿಳಿ ಎರಡು, ಗ್ರೌಂಡ್ ಎರಡು. ಒಂದೊಂದು ಜೋಡಿಗೂ ಔಟ್‌ಲೆಟ್‌ಗೆ ಹೋಗುವ ತಾಮ್ರದ ತುಂಡು ಸೇರಿ ಮೂರು ತೂತಿನ ಕನೆಕ್ಟರ್ ಬೇಕು. ಒಂದು ಬಾಕ್ಸಿಗೆ ಮೂರು ಕನೆಕ್ಟರ್.

ಇವು ಕೂರಲಿಲ್ಲ. ನಮ್ಮ ಮನೆಯ ಬಾಕ್ಸ್‌ಗಳು ತಗಡಿನವು, 3 ಇಂಚು ಎತ್ತರ, 2 ಅಗಲ, 2½ ಆಳ. ಒಳಗಿನ ಜಾಗ 12.5 ಘನ ಇಂಚು. ಒತ್ತಿ ಒತ್ತಿ ಹೇಗೋ ಸ್ಕ್ರೂ ಹಾಕಿದೆ. ಮನಸ್ಸು ಒಪ್ಪಲಿಲ್ಲ, ಮತ್ತೆ ಬಿಚ್ಚಿದೆ. ಒಂದು ಕಪ್ಪು ವೈರ್ ಕನೆಕ್ಟರ್ ಬಾಯಿಯಲ್ಲಿ ಬಾಗಿ, ಬಾಗಿದ ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹಾಗೇ ಮುಚ್ಚಿಟ್ಟಿದ್ದರೆ ಹಳೇ ಕೆಟ್ಟ ಜಾಯಿಂಟ್ ತೆಗೆದು ಹೊಸ ಕೆಟ್ಟ ಜಾಯಿಂಟ್ ಮಾಡಿದಂತಾಗುತ್ತಿತ್ತು.

ಆಮೇಲೆ ಅಮೆರಿಕದ ವೈರಿಂಗ್ ನಿಯಮಾವಳಿ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡಿನ ಪ್ರಕಾರ ಬಾಕ್ಸಿನಲ್ಲಿ ಎಷ್ಟು ಜಾಗ ಬೇಕು ಅಂತ ಲೆಕ್ಕ ಹಾಕಿದೆ. 12 ಗೇಜ್ ವೈರ್ ಒಂದಕ್ಕೆ 2.25 ಘನ ಇಂಚು. ನಾಲ್ಕು ವೈರ್‌ಗೆ 9. ಗ್ರೌಂಡ್‌ಗಳೆಲ್ಲ ಸೇರಿ ಒಂದು ಲೆಕ್ಕ, 2.25. ಒಳಗಿನ ಕ್ಲಾಂಪ್‌ಗೆ 2.25. ಔಟ್‌ಲೆಟ್‌ಗೆ ಎರಡು ವೈರಿನ ಲೆಕ್ಕ; ಅದಕ್ಕೆ ಹೋಗುವ ತಾಮ್ರ 14 ಗೇಜ್ ಆದರೆ 4. ಒಟ್ಟು 17.5. ಇರುವ ಜಾಗ 12.5. ಕನೆಕ್ಟರ್‌ಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ, ಆದರೆ ಜಾಗ ಮಾತ್ರ ತಿನ್ನುತ್ತವೆ.

ಹಾಗಾಗಿ ಬಾಕ್ಸನ್ನೇ ಬದಲಾಯಿಸುವುದು ಅಂತ ತೀರ್ಮಾನವಾಯಿತು. ಹಳೇ ಬಾಕ್ಸ್ ಪಕ್ಕದ ಮರಕ್ಕೆ ಎರಡು ಮೊಳೆಯಲ್ಲಿ ನಿಂತಿರುತ್ತದೆ. ಬಾಕ್ಸಿಗೂ ಮರಕ್ಕೂ ನಡುವೆ ಮಲ್ಟಿಟೂಲ್ ಬ್ಲೇಡ್ ತೂರಿಸಿ ಮೊಳೆ ಕತ್ತರಿಸಿದೆ. ಅದಕ್ಕೆ ಮೊದಲು ಕ್ಲಾಂಪ್ ಸಡಿಲಿಸಿ ಕೇಬಲ್ಲನ್ನು ಬ್ಲೇಡ್ ಇಲ್ಲದ ಕಡೆಗೆ ತಳ್ಳಿ ಒಂದು ತಗಡಿನ ಚೂರು ಅಡ್ಡ ಇಡಬೇಕು. ಹಳೇ ಬಾಕ್ಸ್ ಹೊರಬಂದ ಮೇಲೆ ರೆಕ್ಕೆ ತಿರುಗಿಸಿ ಗೋಡೆಗೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಓಲ್ಡ್ ವರ್ಕ್ ಬಾಕ್ಸ್, 20 ಘನ ಇಂಚಿನದು. ಗೋಡೆಯ ತೂತು ಸ್ವಲ್ಪ ದೊಡ್ಡದು ಮಾಡಬೇಕಾಯಿತು. ದೊಡ್ಡ ಪ್ಲೇಟ್ ಹಾಕಿದರೆ ಕಾಣುವುದಿಲ್ಲ.

ಹಂತ 6: ಒಂದು ಜಾಯಿಂಟ್ ಮಾಡುವ ರೀತಿ

ಈ ಭಾಗ ನಿಧಾನವಾಗಿ ಓದಿ. ಕೆಲಸದ ತಿರುಳು ಇದೇ.

ಹಳೇ ಸ್ಕ್ರೂ ಕೆಳಗಿದ್ದ ಬಾಗಿದ ತುದಿಯನ್ನು ಕತ್ತರಿಸಿ ಹಾಕಬೇಕು. ಅದು ಒಮ್ಮೆ ಬಾಗಿದೆ, ಒಮ್ಮೆ ಚಪ್ಪಟೆಯಾಗಿದೆ, ಅದನ್ನು ನೇರ ಮಾಡಿ ಮತ್ತೆ ಬಳಸಬಾರದು. ಆದರೆ ವೈರ್ ಉದ್ದ ಇರುವುದೇ ಕಮ್ಮಿ, ಹಾಗಾಗಿ ಬೇಕಾದಷ್ಟೇ ಕತ್ತರಿಸಬೇಕು. ಬಾಕ್ಸ್ ತೆಗೆದಿದ್ದರಿಂದ ಎಷ್ಟೋ ಕಡೆ ಗೋಡೆಯೊಳಗಿಂದ ಒಂದೆರಡು ಇಂಚು ಕೇಬಲ್ ಎಳೆದುಕೊಳ್ಳಲು ಸಾಧ್ಯವಾಯಿತು. ಬಾಕ್ಸ್ ಬದಲಾಯಿಸಿದ್ದರ ಇನ್ನೊಂದು ಲಾಭ ಇದು.

ಹೊದಿಕೆ ಸುಲಿಯಲು ಚಾಕು ಬೇಡ. ಸುತ್ತ ಚಾಕು ಆಡಿಸಿದರೆ ಲೋಹದ ಮೇಲೆ ಉಂಗುರದಂತೆ ಗೀರು ಬೀಳುತ್ತದೆ. ತುಂಡು ವೈರಿನಲ್ಲಿ ಪರೀಕ್ಷೆ ಮಾಡಿದೆ. ಗೀರು ಬಿದ್ದ ವೈರ್ ಎರಡನೇ ಸಲ ಬಗ್ಗಿಸುವಾಗಲೇ ಅಲ್ಲೇ ಮುರಿಯಿತು. ಸ್ಟ್ರಿಪ್ಪರ್‌ನಲ್ಲಿ ಸರಿಯಾದ ಗೇಜ್‌ನ ತೂತಿನಲ್ಲೇ ಇಟ್ಟು ನೇರವಾಗಿ ಎಳೆಯಬೇಕು, ತಿರುಚಬಾರದು. ಸುಲಿದ ಮೇಲೆ ದೀಪ ಹತ್ತಿರ ಹಿಡಿದು ಸುತ್ತ ನೋಡುವುದು. ಗೀರು ಕಂಡರೆ ಕತ್ತರಿಸಿ ಮತ್ತೆ ಸುಲಿಯುವುದು.

ಸುಲಿದ ತಕ್ಷಣ ಕನೆಕ್ಟರ್‌ಗೆ ತೂರಿಸಬೇಕು, ಗಾಳಿಗೆ ಬಿಟ್ಟಷ್ಟೂ ಆಕ್ಸೈಡ್. ಕನೆಕ್ಟರ್ ಒಳಗೆ ಸಿಲಿಕೋನ್ ಗ್ರೀಸ್ ಮೊದಲೇ ತುಂಬಿರುತ್ತದೆ, ಬೇರೆ ಪೇಸ್ಟ್ ಹಚ್ಚಬೇಕಿಲ್ಲ. ಹೊದಿಕೆ ಒಳಗೆ ಸಿಕ್ಕಿಕೊಳ್ಳದಂತೆ, ಬರಿ ಲೋಹ ಹೊರಗೆ ಕಾಣದಂತೆ ಉದ್ದ ಇರಬೇಕು.

ಈಗ ಟಾರ್ಕ್. ಸ್ಕ್ರೂ ತಿರುಗಿಸುವಾಗ ಕನೆಕ್ಟರ್ ತಾನೂ ತಿರುಗಿ ವೈರನ್ನು ತಿರುಚುತ್ತದೆ. ಎಡಗೈಯಲ್ಲಿ ಇಕ್ಕಳದಿಂದ ಕನೆಕ್ಟರ್ ಮೈಯನ್ನು ಗಟ್ಟಿ ಹಿಡಿದು, ಬಲಗೈಯಲ್ಲಿ ಕ್ಲಿಕ್ ಬರುವವರೆಗೆ. ಅಲ್ಯೂಮಿನಿಯಂ ಸ್ಕ್ರೂಗಳು ಮೊದಲು, ತಾಮ್ರದ್ದು ಕೊನೆಗೆ. ತಾಮ್ರದ ಟಾರ್ಕ್ ಪ್ಯಾಕೆಟ್ಟಿನಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ, ಅದನ್ನು ನೋಡಿ ಡ್ರೈವರ್‌ನ ಸೆಟ್ಟಿಂಗ್ ಬದಲಾಯಿಸಿಕೊಳ್ಳಬೇಕು. ಆದ ಮೇಲೆ ಒಂದೊಂದು ವೈರನ್ನೂ ಹಿಡಿದು ಎಳೆದು ನೋಡಿದೆ. ಪ್ರತಿ ಸ್ಕ್ರೂ ಮೇಲೂ ಮಾರ್ಕರ್‌ನಿಂದ ಚುಕ್ಕೆ. ಚುಕ್ಕೆ ಇಲ್ಲದ ಸ್ಕ್ರೂ ಅಂದರೆ ಟಾರ್ಕ್ ಆಗಿಲ್ಲ. ಮುಚ್ಚುವ ಮೊದಲು ಫೋಟೋ.

ಬಾಕ್ಸ್ ಒಳಗೆ ಮಡಚುವುದಕ್ಕೂ ಕ್ರಮ ಇದೆ. ಗ್ರೌಂಡ್ ಕನೆಕ್ಟರ್ ಹಿಂದಿನ ಮೂಲೆಗೆ, ಬಿಳಿ ಒಂದು ಬದಿಗೆ, ಕಪ್ಪು ಇನ್ನೊಂದು ಬದಿಗೆ. ಬಾಗಬೇಕಾದದ್ದು ತಾಮ್ರದ ತುಂಡು, ಅಲ್ಯೂಮಿನಿಯಂ ಅಲ್ಲ. ಅಲ್ಯೂಮಿನಿಯಂಗೆ ಒಂದೇ ಒಂದು ದೊಡ್ಡ ಬಾಗು.

ಗ್ರೌಂಡನ್ನು ಬಿಡಬಹುದಾ ಅಂತ ಕೆಲವರು ಕೇಳುತ್ತಾರೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ ಅಂತ. ಬಿಡಬಾರದು. ಶಾರ್ಟ್ ಆದ ಕ್ಷಣದಲ್ಲಿ ಬ್ರೇಕರ್ ಬೀಳಬೇಕಾದರೆ ಅದೇ ದಾರಿ ಬೇಕು. ಆವತ್ತು ಆ ಜಾಯಿಂಟ್ ಸಡಿಲವಾಗಿದ್ದರೆ ಅದಿದ್ದೂ ಪ್ರಯೋಜನವಿಲ್ಲ.

ಹಂತ 7: ದೀಪಗಳು, ಅಟ್ಟ

ಔಟ್‌ಲೆಟ್‌ಗಿಂತ ಕೆಟ್ಟ ಸ್ಥಿತಿ ಇದ್ದದ್ದು ಛಾವಣಿಯಲ್ಲಿ. ದೀಪದ ಸಣ್ಣ ಎಳೆಎಳೆ ತಾಮ್ರದ ವೈರನ್ನು ಅಲ್ಯೂಮಿನಿಯಂ ಜೊತೆ ಸುತ್ತಿ ಮಾಮೂಲಿ ವೈರ್ ನಟ್ ಹಾಕಿದ್ದರು. ಕೆಳಗೆ ದಶಕಗಟ್ಟಲೆ ಉರಿದ ಬಲ್ಬಿನ ಬಿಸಿ ಬೇರೆ. ಹಾಲ್‌ನ ದೀಪದ ವೈರ್ ನಟ್ ತಿರುಗಿಸಲು ಹೋದರೆ ಕೈಯಲ್ಲೇ ಪುಡಿಯಾಯಿತು. ಇಂಥ ಕಡೆ ಸುಟ್ಟ ಹೊದಿಕೆಯ ಭಾಗ ಪೂರ್ತಿ ಕತ್ತರಿಸಿ ಒಳ್ಳೇ ವೈರ್ ಸಿಗುವವರೆಗೆ ಹಿಂದಕ್ಕೆ ಹೋದೆ. ದೀಪಗಳನ್ನೂ ಎಲ್‌ಇಡಿಗೆ ಬದಲಾಯಿಸಿದೆ.

ಅಟ್ಟದಲ್ಲಿ ಚಳಿ ತಡೆಯಲು ಹಾಸಿದ ಇನ್‌ಸುಲೇಷನ್ ಸರಿಸುತ್ತಾ ಕೇಬಲ್ ಹಿಂದೆಯೇ ಹೋದೆ. ಒಂದು ಕಡೆ ಅಲ್ಯೂಮಿನಿಯಂ ಕೇಬಲ್‌ಗೆ ತಾಮ್ರದ ಕೇಬಲ್ ಸೇರಿಸಿ ಮುಂದಕ್ಕೆ ಒಯ್ದಿದ್ದರು. ಬಾಕ್ಸ್ ಇಲ್ಲ. ಬರೀ ಸುತ್ತಿ ಕಪ್ಪು ಟೇಪ್ ಹಾಕಿ, ಮೇಲೆ ಇನ್‌ಸುಲೇಷನ್ ಹೊದಿಸಿದ್ದರು. ಟೇಪ್ ಬಿಚ್ಚಿದರೆ ಒಳಗೆ ಎರಡು ವೈರ್‌ಗಳ ನಡುವೆ ಬಿಳಿ ಪುಡಿ. ಹಿಂದಿನವರು ಯಾರೋ ಮೇಲಿನ ಕೋಣೆಗೆ ಔಟ್‌ಲೆಟ್ ಬೇಕು ಅಂತ ಮಾಡಿದ್ದು. ಇನ್‌ಸ್ಪೆಕ್ಷನ್‌ನಲ್ಲಿ ಇದು ಸಿಗುವ ಸಾಧ್ಯತೆಯೇ ಇರಲಿಲ್ಲ, ಅವರು ಇನ್‌ಸುಲೇಷನ್ ಎತ್ತಿ ನೋಡುವುದಿಲ್ಲ. ನಮ್ಮ ಪಟ್ಟಿಯಲ್ಲೂ ಇರಲಿಲ್ಲ. ಮೇಲಿನ ಕೋಣೆಯ ಔಟ್‌ಲೆಟ್‌ನಲ್ಲಿ ತಾಮ್ರ ಕಂಡಾಗಲೇ, ಹಾಗಾದರೆ ಈ ತಾಮ್ರ ಎಲ್ಲೋ ಅಲ್ಯೂಮಿನಿಯಂಗೆ ಸೇರಿರಲೇಬೇಕು ಅಂತ ಹುಡುಕಿಕೊಂಡು ಹೋದದ್ದು. ಅಲ್ಯೂಮಿನಿಯಂ ಮನೆಯಲ್ಲಿ ಎಲ್ಲೋ ಒಂದು ಕಡೆ ತಾಮ್ರ ಕಂಡರೆ ಖುಷಿಪಡುವ ಬದಲು ಅದರ ಜಾಡು ಹಿಡಿಯಿರಿ. ಅಲ್ಲಿ 4 ಇಂಚಿನ ಚೌಕ ಬಾಕ್ಸ್ ಕೂರಿಸಿ, ಕನೆಕ್ಟರ್ ಹಾಕಿ, ಮುಚ್ಚಳ ಹಾಕಿ, ಮರದ ಮೇಲೆ ದಪ್ಪ ಅಕ್ಷರದಲ್ಲಿ ಜಾಗ ಬರೆದೆ.

ಹಂತ 8: ಪ್ಯಾನೆಲ್

ಎಲೆಕ್ಟ್ರಿಷಿಯನ್ ಬಂದು ಅರ್ಧ ದಿನ ಮಾಡಿದರು. ನ್ಯೂಟ್ರಲ್ ಪಟ್ಟಿಯಲ್ಲಿ ಎರಡು ಕಡೆ ಒಂದೇ ತೂತಿಗೆ ಎರಡೆರಡು ಬಿಳಿ ವೈರ್ ತುರುಕಿದ್ದರು, ಬೇರೆ ಬೇರೆ ಮಾಡಿದರು. ಊಟದ ಕೋಣೆಯ ಬ್ರೇಕರ್ 15 ಆಂಪ್‌ಗೆ ಇಳಿಯಿತು. ಬ್ರೇಕರ್‌ಗಳ ಮೇಲೆ ಅಲ್ಯೂಮಿನಿಯಂ, ತಾಮ್ರ ಎರಡಕ್ಕೂ ಒಪ್ಪಿಗೆಯ ಗುರುತು ಇದೆಯಾ ಅಂತ ನೋಡಿ, ಒಂದೊಂದನ್ನೂ ಲೇಬಲ್ಲಿನ ಟಾರ್ಕ್‌ಗೆ ಬಿಗಿ ಮಾಡಿದರು. ಬೆಡ್‌ರೂಮ್, ಹಾಲ್‌ಗಳಿಗೆ ಎಎಫ್‌ಸಿಐ ಬ್ರೇಕರ್ 7. ಸಡಿಲ ಜಾಯಿಂಟಿನಲ್ಲಿ ಕಿಡಿ ಹಾರಿದರೆ ಗುರುತಿಸಿ ಬೀಳುವ ಬ್ರೇಕರ್ ಇದು. ಜಾಯಿಂಟ್ ಬರೀ ಬಿಸಿಯಾದರೆ ಇದಕ್ಕೂ ತಿಳಿಯುವುದಿಲ್ಲ. ಹಾಗಾಗಿ ಇದು ಕನೆಕ್ಟರ್‌ಗೆ ಬದಲಿ ಅಲ್ಲ, ಜೊತೆಗಿರಬೇಕಾದದ್ದು.

ಒಂದು ಬ್ರೇಕರ್ ನಿಲ್ಲಲೇ ಇಲ್ಲ. ಬೆಡ್‌ರೂಮಿನ ದೀಪ ಹಾಕಿದ ಕೂಡಲೇ ಬೀಳುತ್ತಿತ್ತು. ಹಾಕಿದ್ದ ಕನೆಕ್ಟರ್‌ಗಳನ್ನೆಲ್ಲ ಮತ್ತೆ ನೋಡಿದೆ, ಎಲ್ಲ ಸರಿಯಿತ್ತು. ಬ್ರೇಕರ್ ಬದಲಾಯಿಸಿ ನೋಡಿದರೂ ಅದೇ. ಕೊನೆಗೆ ಸಿಕ್ಕಿದ್ದು ಬಾಗಿಲ ಪಕ್ಕದ ಎರಡು ಸ್ವಿಚ್ಚಿನ ಬಾಕ್ಸಿನಲ್ಲಿ. ಬೆಡ್‌ರೂಮ್ ಸರ್ಕ್ಯೂಟಿನ ಬಿಳಿ ವೈರ್‌ಗಳನ್ನೂ ಪ್ಯಾಸೇಜ್ ಸರ್ಕ್ಯೂಟಿನ ಬಿಳಿ ವೈರ್‌ಗಳನ್ನೂ 1968ರಲ್ಲೇ ಒಂದೇ ಗಂಟು ಮಾಡಿದ್ದರು. ಹೋದ ಕರೆಂಟ್ ಬೇರೆ ದಾರಿಯಲ್ಲಿ ವಾಪಸ್ಸಾಗುವುದನ್ನು ಹೊಸ ಬ್ರೇಕರ್ ಒಪ್ಪುವುದಿಲ್ಲ. ಬೇರ್ಪಡಿಸಿದ ಮೇಲೆ ನಿಂತಿತು. ಹಳೇ ಬ್ರೇಕರ್ ಇದ್ದಾಗ ಇದು ಇನ್ನೊಂದು ರೀತಿಯಲ್ಲೂ ಅಪಾಯವಾಗಿತ್ತು. ಬೆಡ್‌ರೂಮ್ ಬ್ರೇಕರ್ ಆರಿಸಿದರೂ ಆ ಬಿಳಿ ಗಂಟಿನಲ್ಲಿ ಪ್ಯಾಸೇಜ್ ಕರೆಂಟ್ ಹರಿಯುತ್ತಿತ್ತು, ಗಂಟು ಬಿಚ್ಚಿದ ಕೈಗೆ ಹೊಡೆಯುತ್ತಿತ್ತು. ಎರಡು ಸರ್ಕ್ಯೂಟ್ ಸೇರುವ ಬಾಕ್ಸ್‌ಗಳಲ್ಲಿ ಎರಡನ್ನೂ ಆರಿಸಿಯೇ ಕೈ ಹಾಕಿ.

ಹಂತ 9: ಪರೀಕ್ಷೆ

ಕೆಲಸಕ್ಕೆ ಮೊದಲು ಪ್ರತಿ ಸರ್ಕ್ಯೂಟಿನ ಕೊನೇ ಔಟ್‌ಲೆಟ್‌ನಲ್ಲಿ ಒಂದು ಅಳತೆ ಬರೆದಿಟ್ಟಿದ್ದೆವು. ಸುಮ್ಮನಿರುವಾಗ ಎಷ್ಟು ವೋಲ್ಟ್, 1,500 ವ್ಯಾಟ್ ಹೀಟರ್ ಹಾಕಿದಾಗ ಎಷ್ಟು ವೋಲ್ಟ್. ಮೂಲೆಯ ಬೆಡ್‌ರೂಮಿನಲ್ಲಿ ಮೊದಲು 120.8 ಇದ್ದದ್ದು 113.1ಕ್ಕೆ ಇಳಿಯುತ್ತಿತ್ತು. ಈಗ 120.6 ಇದ್ದದ್ದು 116.9ಕ್ಕೆ. ವೈರ್ ಅದೇ, ಉದ್ದ ಅದೇ, ಹೀಟರ್ ಅದೇ. ಉಳಿತಾಯವಾದ 4 ವೋಲ್ಟ್ ಪೂರ್ತಿ ಜಾಯಿಂಟ್‌ಗಳಲ್ಲಿ ಕಳೆದುಹೋಗುತ್ತಿದ್ದದ್ದು. ಹೀಟರ್ ಎಳೆಯುವ ಸುಮಾರು 12 ಆಂಪ್‌ಗೆ ಲೆಕ್ಕ ಹಾಕಿದರೆ ಹತ್ತಿರಹತ್ತಿರ 50 ವ್ಯಾಟ್ ಬಿಸಿ, ಗೋಡೆಯೊಳಗಿನ ಕೆಲವೇ ಸ್ಕ್ರೂಗಳ ಕೆಳಗೆ. ಈ ಅಳತೆಗೆ ಖರ್ಚಿಲ್ಲ. ಅಲ್ಯೂಮಿನಿಯಂ ಮನೆಯಲ್ಲಿ ಇರುವವರು, ರಿಪೇರಿ ಈಗ ಮಾಡಿಸಲಿ ಬಿಡಲಿ, ಇದೊಂದನ್ನು ಮಾಡಿ ನೋಡಬೇಕು. ಯಾವ ಸರ್ಕ್ಯೂಟನ್ನು ಮೊದಲು ಮುಟ್ಟಬೇಕು ಅಂತ ಅದೇ ಹೇಳುತ್ತದೆ. ಪ್ಲೇಟ್ ಬೆಚ್ಚಗಾದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ದೀಪ ಮಿಣುಕಿದರೆ ಅಳತೆಗೂ ಕಾಯಬೇಡಿ, ಆ ಸರ್ಕ್ಯೂಟ್ ಆರಿಸಿ.

ಆಮೇಲೆ ಹೀಟರ್ ಒಂದು ಗಂಟೆ ಓಡಿಸಿ ಥರ್ಮಲ್ ಕ್ಯಾಮೆರಾದಲ್ಲಿ ಪ್ರತಿ ಪ್ಲೇಟ್ ನೋಡಿದೆವು. ಹೀಟರ್ ಪ್ಲಗ್ ಇದ್ದ ಕಡೆ ಸ್ವಲ್ಪ ಬಿಸಿ, ದಾರಿಯಲ್ಲಿನ ಉಳಿದ ಔಟ್‌ಲೆಟ್‌ಗಳಲ್ಲಿ ಗೋಡೆಗೂ ಪ್ಲೇಟಿಗೂ ವ್ಯತ್ಯಾಸ ಕಾಣಲಿಲ್ಲ. ಟೌನ್‌ಶಿಪ್ ಇನ್‌ಸ್ಪೆಕ್ಟರ್ ಬಂದು ಅವರಿಗೆ ಬೇಕಾದ ಬಾಕ್ಸ್‌ಗಳನ್ನು ಬಿಚ್ಚಿಸಿ ನೋಡಿದರು. ಟಾರ್ಕ್ ಡ್ರೈವರ್ ತೋರಿಸಿ ಅಂದರು, ತೋರಿಸಿದೆ. ಅಟ್ಟದ ಬಾಕ್ಸಿಗೂ ಹತ್ತಿ ನೋಡಿ ಸಹಿ ಹಾಕಿದರು. ಆ ಕಾಗದ, ಸ್ಪ್ರೆಡ್‌ಶೀಟ್, ಫೋಟೋಗಳನ್ನು ಇನ್ಶೂರೆನ್ಸ್‌ನವರಿಗೆ ಕಳಿಸಿದೆವು. ಪಾಲಿಸಿ ಮುಂದುವರಿಯಿತು.

ಖರ್ಚು, ಡಾಲರ್‌ನಲ್ಲಿ

ಕನೆಕ್ಟರ್‌ಗಳು ಸುಮಾರು 900. ಟಾರ್ಕ್ ಡ್ರೈವರ್ 85. ಎಎಫ್‌ಸಿಐ ಬ್ರೇಕರ್ 350. ಜಿಎಫ್‌ಸಿಐ ಔಟ್‌ಲೆಟ್ 120. ಮಾಮೂಲಿ ಔಟ್‌ಲೆಟ್, ಸ್ವಿಚ್ 170. ಬಾಕ್ಸ್, ತಾಮ್ರದ ವೈರ್, ಪ್ಲೇಟ್ 160. ಎಲೆಕ್ಟ್ರಿಷಿಯನ್‌ಗೆ 650. ಪರ್ಮಿಟ್ 110. ಒಟ್ಟು 2,545. ಎಲ್‌ಇಡಿ ದೀಪಗಳ ಖರ್ಚು ಇದರಲ್ಲಿ ಸೇರಿಲ್ಲ. ಮನೆ ಮಾರಿದವರು ರಿಪೋರ್ಟ್ ನೋಡಿ ಬೆಲೆಯಲ್ಲಿ 4,000 ಬಿಟ್ಟಿದ್ದರು. ಸಹಿ ಹಾಕುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಏನೂ ಸಿಗುವುದಿಲ್ಲ.

ಬಾಕಿ

ಗ್ಯಾರೇಜಿನ ಲೈನ್ ಉಳಿದಿದೆ. ಅದರ ಎರಡು ಬಾಕ್ಸ್‌ಗಳಲ್ಲಿ ವೈರ್ ಗೋಡೆಯಿಂದ ಎರಡು ಇಂಚೂ ಹೊರಬರುವುದಿಲ್ಲ, ಎಳೆದರೂ ಬರುತ್ತಿಲ್ಲ. ಅಷ್ಟು ಚಿಕ್ಕ ತುದಿಯಲ್ಲಿ ಇಕ್ಕಳ ಹಿಡಿದು ಸರಿಯಾಗಿ ಟಾರ್ಕ್ ಮಾಡಲು ಆಗುವುದಿಲ್ಲ, ಹೇಗೋ ಮಾಡಿ ಮುಚ್ಚಲು ಇಷ್ಟವಿಲ್ಲ. ಪ್ಯಾನೆಲ್ ಗ್ಯಾರೇಜ್ ಗೋಡೆಯ ಆಚೆ ಬದಿಗೇ ಇರುವುದರಿಂದ ಅಲ್ಲಿಗೆ ಹೊಸದಾಗಿ 12 ಗೇಜ್ ತಾಮ್ರದ ಕೇಬಲ್ಲನ್ನೇ ಎಳೆಯುವುದು ಅಂತ ಮಾಡಿದ್ದೇವೆ. ಪರ್ಮಿಟ್‌ಗೆ ಅರ್ಜಿ ಕೊಟ್ಟಾಗಿದೆ. ಅಲ್ಲಿಯವರೆಗೆ ಆ ಬ್ರೇಕರ್ ಆರಿಸಿದೆ, ಗ್ಯಾರೇಜ್ ಬಾಗಿಲನ್ನು ಕೈಯಲ್ಲೇ ಎತ್ತುತ್ತಿದ್ದೇವೆ.